ಪುಸ್ತಕದಂಗಡಿ ಉಳಿಸಲು ಹೊರಡುವ ಮುನ್ನ ಲೆಕ್ಕದ ಪುಸ್ತಕ ತೆರೆಯಿರಿ

ಊರಿನ ಪುಸ್ತಕದಂಗಡಿಯೊಂದು ಮುಚ್ಚಲಿದೆ ಎಂಬ ಸುದ್ದಿ ಓದುಗರನ್ನು ತಲುಪುವುದು ಸಾಮಾನ್ಯವಾಗಿ ತಡವಾಗಿಯೇ. ಅಷ್ಟು ಹೊತ್ತಿಗೆ ಬಾಡಿಗೆ ಕರಾರು ಮುಗಿಯಲು ಎರಡೋ ಮೂರೋ ತಿಂಗಳು ಮಾತ್ರ ಉಳಿದಿರುತ್ತದೆ, ಪ್ರಕಾಶಕರಿಗೆ ಕೊಡಬೇಕಾದ ಬಾಕಿ ಬೆಳೆದಿರುತ್ತದೆ, ಮಾಲೀಕರು ಮನಸ್ಸಿನಲ್ಲೇ ಅರ್ಧ ಅಂಗಡಿಯನ್ನು ಖಾಲಿ ಮಾಡಿ ಆಗಿರುತ್ತದೆ. ಆ ಅಂಗಡಿಯ ಹಿಂಬದಿಯ ಕೋಣೆಯಲ್ಲೋ ಮಹಡಿಯಲ್ಲೋ ಕವಿಗೋಷ್ಠಿ, ನಾಟಕದ ತಾಲೀಮು, ಪುಸ್ತಕ ಬಿಡುಗಡೆ, ಸಣ್ಣ ಬೈಠಕ್ ಕಛೇರಿಗಳು ನಡೆಯುತ್ತಿದ್ದರೆ ಸುದ್ದಿ ಇನ್ನಷ್ಟು ಜೋರಾಗಿ ಹರಡುತ್ತದೆ ಮತ್ತು ಅಷ್ಟೇ ಬೇಗ ತಣ್ಣಗಾಗುತ್ತದೆ. ಆ ಜೋರು ಇರುವ ಹದಿನೈದು ದಿನಗಳಲ್ಲಿ ಏನು ಮಾಡಬೇಕು, ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಮಾಡಲೇಬಾರದು ಎಂಬುದನ್ನು ಇಲ್ಲಿ ಹೇಳಲು ಪ್ರಯತ್ನಿಸಿದ್ದೇನೆ.

ಬೆಂಗಳೂರಿನ ಮ್ಯೂಸಿಯಂ ರಸ್ತೆಯಲ್ಲಿ 1971ರಿಂದ ಇದ್ದ ಪ್ರೀಮಿಯರ್ ಪುಸ್ತಕದಂಗಡಿ 2009ರಲ್ಲಿ ಬಾಗಿಲು ಹಾಕಿತು. ನೆಲದಿಂದ ಸೂರಿನವರೆಗೆ ಒಂದರ ಮೇಲೊಂದು ಪೇರಿಸಿಟ್ಟ ರಾಶಿಯೊಳಗಿಂದ ಕೇಳಿದ ಪುಸ್ತಕವನ್ನು ತಡಕಾಡದೆ ಎಳೆದುಕೊಡುತ್ತಿದ್ದ ಟಿ.ಎಸ್. ಶಾನಭಾಗರನ್ನು ಇಂದಿಗೂ ನೆನೆಯುವ ಓದುಗರು ಸಾವಿರಾರು. ಮುಂಬಯಿಯಲ್ಲಿ 1948ರಲ್ಲಿ ಆರಂಭವಾದ ಸ್ಟ್ರಾಂಡ್ ಬುಕ್ ಸ್ಟಾಲ್ 2018ರಲ್ಲಿ ಮುಚ್ಚಿದಾಗಲೂ ಹೀಗೆಯೇ ಆಯಿತು. ಎರಡೂ ಕಡೆ ಅಭಿಮಾನಿಗಳಿಗೆ ಕೊರತೆ ಇರಲಿಲ್ಲ. ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ: ಜನರ ಅಕ್ಕರೆಯನ್ನು ಇನ್ನಷ್ಟು ಹೆಚ್ಚಿಸುವುದೇ ನಮ್ಮ ಕೆಲಸ ಎಂದು ಭಾವಿಸಿ ಹೊರಡುವ ಚಳವಳಿ ಈಗಾಗಲೇ ಇರುವುದನ್ನೇ ಮತ್ತೆ ಸಂಗ್ರಹಿಸುತ್ತಾ ಕಾಲ ಕಳೆಯುತ್ತದೆ. ಅಂಗಡಿಗೆ ಬೇಕಾದದ್ದು ಆ ಅಕ್ಕರೆ ತಿಂಗಳು ತಿಂಗಳೂ ಗಲ್ಲಾಪೆಟ್ಟಿಗೆಗೆ ಬಂದು ಬೀಳುವ ಒಂದು ವ್ಯವಸ್ಥೆ.

ಮಾಲೀಕರ ಮನಸ್ಸು

ಮೊದಲ ಹೆಜ್ಜೆ ವಾಟ್ಸ್ಆಪ್ ಗುಂಪು ಕಟ್ಟುವುದಲ್ಲ. ಅಂಗಡಿಯ ಮಾಲೀಕರ ಜೊತೆ ಚೆನ್ನಾಗಿ ಪರಿಚಯವಿರುವ ಇಬ್ಬರು, ಇಬ್ಬರೇ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಹೋಗಿ ಕುಳಿತು ಮಾತನಾಡಬೇಕು. ‘ಸರ್, ನಿಮಗೆ ಈ ಅಂಗಡಿಯನ್ನು ಮುಂದುವರಿಸುವ ಮನಸ್ಸಿದೆಯೇ?’ ಎಂಬ ಪ್ರಶ್ನೆಯನ್ನು ಅವರಿಗೆ ಮುಜುಗರವಾಗದಂತೆ, ಆದರೆ ಸುತ್ತಿಬಳಸದೆ ಕೇಳಬೇಕು. ಮೂವತ್ತು ವರ್ಷ ಒಂದೇ ಸ್ಟೂಲಿನ ಮೇಲೆ ಕುಳಿತು ಮೊಣಕಾಲು ಸವೆಸಿಕೊಂಡವರು, ಮಕ್ಕಳಿಗೆ ಈ ವ್ಯಾಪಾರ ಬೇಡವಾಗಿರುವವರು, ಬಾಡಿಗೆ ಏರಿದ್ದನ್ನು ಒಂದು ಗೌರವದ ನೆಪವಾಗಿ ಹೇಳುತ್ತಿರಬಹುದು. ಹಾಗಿದ್ದಲ್ಲಿ ನೀವು ಎಷ್ಟೇ ಹಣ ಕೂಡಿಸಿದರೂ ಅದು ಅವರ ಹೆಗಲ ಮೇಲೆ ಮತ್ತೊಂದು ಹೊರೆಯಾಗುತ್ತದೆ. ಆಗ ಹುಡುಕಬೇಕಾದದ್ದು ಹಣವನ್ನಲ್ಲ, ಅಂಗಡಿಯನ್ನು ಮುಂದೆ ನಡೆಸುವವರನ್ನು. ಅಲ್ಲಿ ಹತ್ತು ವರ್ಷದಿಂದ ಕೆಲಸ ಮಾಡುತ್ತಿರುವ ಹುಡುಗನೋ ಹುಡುಗಿಯೋ ಅದಕ್ಕೆ ಸಿದ್ಧವಿರಬಹುದು, ಆದರೆ ಅವರನ್ನು ಇದುವರೆಗೆ ಯಾರೂ ಕೇಳಿರುವುದಿಲ್ಲ.

ಮಾಲೀಕರು ಮುಂದುವರಿಸಲು ಸಿದ್ಧರಿದ್ದರೆ ಎರಡನೆಯ ಪ್ರಶ್ನೆ ಕೇಳಬೇಕು: ‘ಲೆಕ್ಕ ತೋರಿಸುತ್ತೀರಾ?’ ಇದು ಮೊದಲನೆಯದಕ್ಕಿಂತ ಕಷ್ಟದ ಪ್ರಶ್ನೆ. ಸಾರ್ವಜನಿಕರಿಂದ ಹಣ ಕೇಳುವ ಅಂಗಡಿ ಕನಿಷ್ಠ ಮೂರು ಜನರಿಗಾದರೂ ತನ್ನ ನಿಜಸ್ಥಿತಿಯನ್ನು ತೆರೆದು ತೋರಿಸಲೇಬೇಕಾಗುತ್ತದೆ. ಅದಕ್ಕೆ ಒಪ್ಪದಿದ್ದರೆ ಪುಸ್ತಕ ಕೊಂಡು ಸಹಾಯ ಮಾಡಿ, ದೇಣಿಗೆ ಎತ್ತಲು ಹೋಗಬೇಡಿ.

ಲೆಕ್ಕ

ಸಣ್ಣ ಅಂಗಡಿಗಳ ಲೆಕ್ಕವೆಂದರೆ ಬಹುತೇಕ ರಬ್ಬರ್ ಬ್ಯಾಂಡ್ ಸುತ್ತಿದ ಒಂದು ಉದ್ದನೆಯ ನೋಟ್‌ಬುಕ್, ಎರಡು ಬಿಲ್ ಪುಸ್ತಕ, ತಂತಿಗೆ ಚುಚ್ಚಿಟ್ಟ ಪ್ರಕಾಶಕರ ಚಲನ್‌ಗಳು ಮತ್ತು ಮಾಲೀಕರ ನೆನಪು. ಇವುಗಳಿಂದ ಕಳೆದ ಹನ್ನೆರಡು ತಿಂಗಳ ಮಾರಾಟ, ಖರ್ಚು, ಬಾಕಿ ಈ ಮೂರನ್ನು ಒಂದೇ ಹಾಳೆಯ ಮೇಲೆ ಇಳಿಸಲು ಒಂದು ಭಾನುವಾರ ಸಾಕು. ಆ ಹಾಳೆ ಇಲ್ಲದೆ ನಡೆಯುವ ಸಭೆಗಳೆಲ್ಲ ಭಾಷಣಗಳಾಗುತ್ತವೆ.

ಒಂದು ಉದಾಹರಣೆಯನ್ನು ಬಿಡಿಸಿ ನೋಡೋಣ; ಇಲ್ಲಿನ ಅಂಕಿಗಳು ಲೆಕ್ಕ ವಿವರಿಸಲೆಂದು ನಾನು ಇಟ್ಟುಕೊಂಡವು, ನಿಮ್ಮ ಅಂಗಡಿಯ ಅಂಕಿಗಳನ್ನು ಇದೇ ಜಾಗಗಳಲ್ಲಿ ತುಂಬಿಕೊಳ್ಳಿ. ತಿಂಗಳ ಬಾಡಿಗೆ 40,000 ರೂಪಾಯಿ, ಇಬ್ಬರು ಸಹಾಯಕರ ಸಂಬಳ 28,000, ವಿದ್ಯುತ್ತು, ಫೋನು, ಇತರೆ 7,000, ಒಟ್ಟು 75,000. ಪ್ರಕಾಶಕರು ಮುಖಬೆಲೆಯ ಮೇಲೆ ಶೇ 30 ಕಮಿಷನ್ ಕೊಡುತ್ತಾರೆ, ಅಂಗಡಿ ಗಿರಾಕಿಗೆ ಶೇ 10 ರಿಯಾಯಿತಿ ಬಿಡುತ್ತದೆ ಎಂದಿಟ್ಟುಕೊಂಡರೆ ನೂರು ರೂಪಾಯಿಯ ಪುಸ್ತಕದಲ್ಲಿ ಅಂಗಡಿಗೆ ಉಳಿಯುವುದು 20 ರೂಪಾಯಿ. ಹಾಗಾದರೆ 75,000 ರೂಪಾಯಿ ಖರ್ಚು ಹುಟ್ಟಲು ಮುಖಬೆಲೆಯ ಲೆಕ್ಕದಲ್ಲಿ ತಿಂಗಳಿಗೆ 3,75,000 ರೂಪಾಯಿಯ ಪುಸ್ತಕ ಮಾರಾಟವಾಗಬೇಕು. ಈಗ ರಿಯಾಯಿತಿಯನ್ನು ತೆಗೆದುಹಾಕಿ ನೋಡಿ: ನೂರಕ್ಕೆ 30 ಉಳಿಯುತ್ತದೆ, ಬೇಕಾದ ಮಾರಾಟ 2,50,000ಕ್ಕೆ ಇಳಿಯುತ್ತದೆ. ಇನ್ನೂರು ರೂಪಾಯಿಯ ಪುಸ್ತಕಕ್ಕೆ ಇಪ್ಪತ್ತು ರೂಪಾಯಿ ಬಿಡಿ ಎಂದು ನಾವು ಕೇಳುವ ಆ ಸಣ್ಣ ಮಾತಿನಲ್ಲಿ ಅಂಗಡಿಯ ಆದಾಯದ ಮೂರನೆಯ ಒಂದು ಭಾಗ ಇದೆ ಎಂಬುದು ಬಹಳಷ್ಟು ಓದುಗರಿಗೆ ತಿಳಿದಿರುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಅಂಗಡಿ ಉಳಿಸುವ ಯಾವುದೇ ಅಭಿಯಾನದ ಮೊದಲ ಕರಪತ್ರದಲ್ಲಿ ಇರಬೇಕಾದ ಒಂದೇ ಸಾಲು ‘ಇಲ್ಲಿ ನಾನು ಮುಖಬೆಲೆಗೇ ಪುಸ್ತಕ ಕೊಳ್ಳುತ್ತೇನೆ’ ಎಂಬುದು. ದೇಣಿಗೆಯ ಮಾತು ಆಮೇಲೆ.

ಅದೇ ಅಂಗಡಿಯ ಈಗಿನ ಮಾರಾಟ 2,80,000 ಎಂದುಕೊಳ್ಳಿ. ಶೇ 20ರ ಲೆಕ್ಕದಲ್ಲಿ 56,000 ಬರುತ್ತದೆ, ತಿಂಗಳಿಗೆ 19,000 ಕಡಿಮೆ ಬೀಳುತ್ತದೆ. ನೀವು ಹಗಲಿರುಳು ಓಡಾಡಿ ಐದು ಲಕ್ಷ ಸಂಗ್ರಹಿಸಿಕೊಟ್ಟರೆ ಆ ಕೊರತೆಯನ್ನು ಇಪ್ಪತ್ತಾರು ತಿಂಗಳು ತುಂಬಬಹುದು, ಇಪ್ಪತ್ತೇಳನೆಯ ತಿಂಗಳು ಅದೇ ಹಳೆಯ ನೋಟೀಸು. ಬದಲಿಗೆ ಅರ್ಧದಷ್ಟು ಗಿರಾಕಿಗಳು ರಿಯಾಯಿತಿ ಬೇಡವೆಂದರೆ ಆದಾಯ 70,000ಕ್ಕೆ ಏರಿ ಕೊರತೆ 5,000ಕ್ಕೆ ಇಳಿಯುತ್ತದೆ. ಇಷ್ಟನ್ನು ಮಹಡಿಯ ಕಾರ್ಯಕ್ರಮಗಳಿಂದ ತುಂಬಿಕೊಳ್ಳುವುದು ಆಗದ ಮಾತಲ್ಲ.

ಮೇಲಿನ ಪಟ್ಟಿಯಲ್ಲಿ ಒಂದು ಖರ್ಚು ಬಿಟ್ಟುಹೋಗಿದೆ, ಮಾಲೀಕರ ಸಂಬಳ. ಬಹುತೇಕ ಅಂಗಡಿಗಳ ಲೆಕ್ಕದಲ್ಲೂ ಅದು ಬಿಟ್ಟೇ ಹೋಗಿರುತ್ತದೆ. ಅದನ್ನು ಸೇರಿಸದೆ ಮಾಡುವ ಯೋಜನೆ ಒಬ್ಬರ ಪುಕ್ಕಟೆ ದುಡಿಮೆಯ ಮೇಲೆ ನಿಂತಿರುತ್ತದೆ, ಆದ್ದರಿಂದ ಅವರು ನಾಚಿಕೊಂಡರೂ ನೀವು ಒಂದು ಮೊತ್ತವನ್ನು ಬರೆಯಿರಿ.

ತೆರಿಗೆಯ ಒಂದು ವಿಷಯವನ್ನೂ ಇಲ್ಲೇ ನೋಡಿಕೊಳ್ಳಬೇಕು. ಮುದ್ರಿತ ಪುಸ್ತಕಗಳಿಗೆ ಜಿಎಸ್‌ಟಿ ಇಲ್ಲ, ಆದರೆ ವಾಣಿಜ್ಯ ಮಳಿಗೆಯ ಬಾಡಿಗೆಗೆ ಶೇ 18 ಇದೆ. ಕಟ್ಟಡದ ಮಾಲೀಕರು ಜಿಎಸ್‌ಟಿ ನೋಂದಣಿ ಹೊಂದಿದ್ದರೆ 40,000ದ ಬಾಡಿಗೆ 47,200 ಆಗುತ್ತದೆ; ಬಟ್ಟೆ ಅಂಗಡಿಯವರು ಆ ತೆರಿಗೆಯನ್ನು ತಮ್ಮ ಮಾರಾಟದ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದು, ಪುಸ್ತಕ ಮಾತ್ರ ಮಾರುವವರಿಗೆ ಹೊಂದಿಸಿಕೊಳ್ಳಲು ತೆರಿಗೆಯೇ ಇರುವುದಿಲ್ಲ.

ಲೆಕ್ಕ ಮುಗಿದ ಮೇಲೆ ಒಂದು ತೀರ್ಮಾನಕ್ಕೆ ಬರಬೇಕು. ಅಂಗಡಿಗೆ ಬಂದಿರುವುದು ಒಮ್ಮೆಲೇ ಬಿದ್ದ ಹೊಡೆತವೋ, ತಿಂಗಳು ತಿಂಗಳೂ ಸೋರುವ ಬಿರುಕೋ? ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 1953ರಿಂದ ನಡೆಯುತ್ತಿರುವ ಸಿಟಿ ಲೈಟ್ಸ್ ಅಂಗಡಿ 2020ರ ಏಪ್ರಿಲ್‌ನಲ್ಲಿ, ಕೋವಿಡ್ ಲಾಕ್‌ಡೌನ್ ನಡುವೆ, ಮೂರು ಲಕ್ಷ ಡಾಲರ್ ಬೇಕೆಂದು ಓದುಗರನ್ನು ಕೇಳಿದಾಗ ಕೆಲವೇ ದಿನಗಳಲ್ಲಿ ಅದಕ್ಕಿಂತ ಹೆಚ್ಚು ಹಣ ಬಂದಿತು ಮತ್ತು ಅಂಗಡಿ ಉಳಿಯಿತು. ಅದು ಒಮ್ಮೆಲೇ ಬಿದ್ದ ಹೊಡೆತವಾಗಿತ್ತು, ಜೊತೆಗೆ ಕಟ್ಟಡ ಅವರ ಕೈಯಲ್ಲೇ ಇತ್ತು. ನಮ್ಮ ಊರಿನ ಅಂಗಡಿಗಳ ಕಷ್ಟ ಹೆಚ್ಚಾಗಿ ಎರಡನೆಯ ಬಗೆಯದು. ಅಲ್ಲಿ ಸಿಟಿ ಲೈಟ್ಸ್‌ನ ಮಾದರಿಯನ್ನು ಹಾಗೆಯೇ ಎತ್ತಿಕೊಂಡು ಬಂದರೆ ಕೆಲಸ ಮಾಡುವುದಿಲ್ಲ.

ಬಾಡಿಗೆ ಕರಾರು

ಲೆಕ್ಕದಷ್ಟೇ ಮುಖ್ಯವಾದ ಇನ್ನೊಂದು ಕಾಗದ ಬಾಡಿಗೆ ಕರಾರು. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಕರಾರನ್ನು ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಾಯಿಸಬೇಕಾಗುವುದರಿಂದ ಹನ್ನೊಂದು ತಿಂಗಳ ಕರಾರನ್ನೇ ಮತ್ತೆ ಮತ್ತೆ ಬರೆದುಕೊಳ್ಳುವ ರೂಢಿ ನಮ್ಮಲ್ಲಿದೆ. ಎಷ್ಟೋ ಅಂಗಡಿಗಳಲ್ಲಿ ಕೊನೆಯ ಕರಾರು ಮುಗಿದು ಆರೇಳು ವರ್ಷಗಳಾಗಿರುತ್ತವೆ, ಬಾಯಿಮಾತಿನ ಮೇಲೆ ಬಾಡಿಗೆ ನಡೆಯುತ್ತಿರುತ್ತದೆ. ಅಂಥ ತಿಂಗಳ ಬಾಡಿಗೆಯನ್ನು, ಬೇರೆ ಷರತ್ತಿಲ್ಲದಿದ್ದರೆ, ಹದಿನೈದು ದಿನಗಳ ನೋಟೀಸಿನಿಂದ ಕೊನೆಗೊಳಿಸಲು ಕಾನೂನಿನಲ್ಲಿ ಅವಕಾಶವಿದೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆಯ ರಕ್ಷಣೆ ವಾಣಿಜ್ಯ ಮಳಿಗೆಗಳ ಪೈಕಿ 14 ಚದರ ಮೀಟರಿಗಿಂತ ಹೆಚ್ಚಿಲ್ಲದ ಪುಟ್ಟ ಮಳಿಗೆಗಳಿಗಷ್ಟೇ ಸಿಗುತ್ತದೆ. ಕಾರ್ಯಕ್ರಮಕ್ಕೆ ಐವತ್ತು ಕುರ್ಚಿ ಹಾಕುವ ಜಾಗ ಅದಕ್ಕೆ ಹೊರತು. ಆದ್ದರಿಂದ ನ್ಯಾಯಾಲಯದ ಬೆದರಿಕೆ ಹಾಕಿ ಕಟ್ಟಡದ ಮಾಲೀಕರನ್ನು ಹಣಿಯಬಹುದೆಂಬ ಉತ್ಸಾಹವನ್ನು ಸಭೆಯಲ್ಲಿ ಯಾರಾದರೂ ತೋರಿದರೆ ಮೊದಲು ಒಬ್ಬ ವಕೀಲರಿಗೆ ಕರಾರನ್ನು ತೋರಿಸಿ.

ಕಟ್ಟಡದ ಮಾಲೀಕರನ್ನು ಖಳನಾಯಕರಾಗಿ ಚಿತ್ರಿಸುವುದು ಸುಲಭ, ಪತ್ರಿಕೆಗಳಿಗೂ ಅದು ರುಚಿಸುತ್ತದೆ. ಆದರೆ ಮೂರು ವರ್ಷ ಬಾಡಿಗೆ ಏರಿಸದೆ ಇದ್ದವರು, ಅಣ್ಣತಮ್ಮಂದಿರ ಪಾಲಿನ ವ್ಯಾಜ್ಯದಲ್ಲಿ ಸಿಕ್ಕಿಕೊಂಡವರು, ಪಕ್ಕದ ಮೊಬೈಲ್ ಅಂಗಡಿಯವನು ಎರಡು ಪಟ್ಟು ಕೊಡುತ್ತೇನೆಂದಾಗ ಮನಸ್ಸು ಡೋಲಾಯಮಾನವಾದವರು ಕೂಡ ಮಾಲೀಕರೇ. ಅವರ ಬಳಿಗೆ ಹೋಗುವಾಗ ಘೋಷಣೆಯ ಫಲಕ ಬೇಡ. ಊರಿನಲ್ಲಿ ಅವರು ಗೌರವಿಸುವ ಒಬ್ಬ ಹಿರಿಯರು, ಒಬ್ಬ ಲೆಕ್ಕ ಬಲ್ಲವರು, ಅಂಗಡಿಯ ಮಾಲೀಕರು, ಇಷ್ಟು ಜನ ಸಾಕು. ಕೇಳಬೇಕಾದದ್ದು ಬಾಡಿಗೆ ಇಳಿಸಿ ಎಂದಲ್ಲ. ಮೂರು ವರ್ಷಗಳ ನೋಂದಾಯಿತ ಕರಾರು, ವರ್ಷಕ್ಕೆ ಎಷ್ಟು ಏರಿಕೆ ಎಂಬುದು ಮೊದಲೇ ಬರೆದಿರಬೇಕು, ಬಿಡಿಸುವುದಾದರೆ ಆರು ತಿಂಗಳ ಮುನ್ಸೂಚನೆ. ಇದಕ್ಕೆ ಪ್ರತಿಯಾಗಿ ನೀವು ಕೊಡಬಹುದಾದದ್ದು ಪ್ರತಿ ತಿಂಗಳ ಐದನೆಯ ತಾರೀಖಿನೊಳಗೆ ತಪ್ಪದೆ ಬರುವ ಬಾಡಿಗೆ, ಬೇಕಿದ್ದರೆ ಸ್ವಲ್ಪ ಹೆಚ್ಚಿನ ಮುಂಗಡ. ವ್ಯವಹಾರ ಬಲ್ಲ ಮಾಲೀಕರಿಗೆ ಈ ಭರವಸೆಯ ಬೆಲೆ ತಿಳಿಯುತ್ತದೆ.

ಜನರನ್ನು ಕೂಡಿಸುವುದು

ನಾನು ಹಿಂದೊಮ್ಮೆ ಕೈಜೋಡಿಸಿದ್ದ ಇಂಥ ಪ್ರಯತ್ನದಲ್ಲಿ ನಾನೂರು ಜನರ ವಾಟ್ಸ್ಆಪ್ ಗುಂಪು ಎರಡೇ ದಿನದಲ್ಲಿ ತುಂಬಿತು. ಭಾನುವಾರದ ಸಭೆಗೆ ಬಂದವರು ಹನ್ನೊಂದು ಜನ. ಅದರಲ್ಲಿ ಇಬ್ಬರು ತಮ್ಮ ಪುಸ್ತಕ ಬಿಡುಗಡೆಗೆ ದಿನ ಗೊತ್ತುಮಾಡಲು ಬಂದವರು. ಇದರಿಂದ ಎದೆಗುಂದಬೇಕಾಗಿಲ್ಲ, ಏಕೆಂದರೆ ಹನ್ನೊಂದು ಜನ ಸಾಕು. ನಮ್ಮ ತಪ್ಪು ಬೇರೆಯೇ ಆಗಿತ್ತು: ಅವಸರದಲ್ಲಿ ಸ್ವಯಂಸೇವಕರೊಬ್ಬರ ಸ್ವಂತ ಖಾತೆಯ ಯುಪಿಐ ಸಂಕೇತವನ್ನೇ ಎಲ್ಲೆಡೆ ಹಂಚಿದೆವು. ಹಣ ಬಂತು, ಹಿಂದೆಯೇ ಗುಸುಗುಸು ಬಂತು. ಆ ಸ್ವಯಂಸೇವಕರು ಒಂದು ರೂಪಾಯಿಯನ್ನೂ ಮುಟ್ಟಿರಲಿಲ್ಲ, ಆದರೆ ಅದನ್ನು ಸಾಬೀತುಪಡಿಸುವುದರಲ್ಲೇ ಎರಡು ವಾರ ಕಳೆದವು.

ಆದ್ದರಿಂದ ಐದರಿಂದ ಏಳು ಜನರ ಒಂದು ಸಣ್ಣ ಸಮಿತಿ ಮಾಡಿ, ಪ್ರತಿಯೊಬ್ಬರಿಗೂ ಒಂದೊಂದೇ ಕೆಲಸ ಒಪ್ಪಿಸಿ. ಹಣ ನೋಡಿಕೊಳ್ಳುವವರು ಬರೆಯುವವರಾಗಿರಬಾರದು, ಕಟ್ಟಡದ ಮಾಲೀಕರೊಂದಿಗೆ ಮಾತನಾಡುವವರು ಪತ್ರಿಕೆಗಳೊಂದಿಗೆ ಮಾತನಾಡಬಾರದು. ಯಾರನ್ನು ಕರೆಯಬೇಕೆಂದು ಯೋಚಿಸುವಾಗ ಸಾಹಿತಿಗಳ ಪಟ್ಟಿಯನ್ನು ಬದಿಗಿಟ್ಟು, ಊರಿನಲ್ಲಿ ನಾಟಕದ ಟಿಕೆಟ್ ಮಾರಿ ಅಭ್ಯಾಸವಿರುವವರನ್ನು ಹುಡುಕಿ. ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಮ್ 1985ರಲ್ಲಿ ಆರಂಭಿಸಿದ ತಿರುಗಾಟದ ನಾಟಕಗಳು ವರ್ಷ ವರ್ಷವೂ ಊರೂರು ಸುತ್ತುವುದು ಆಯಾ ಊರಿನ ಸಂಘಟಕರ ಬಲದಿಂದ. ಸಭಾಂಗಣ ಗೊತ್ತುಮಾಡಿ, ಮನೆಮನೆಗೆ ಹೋಗಿ ಟಿಕೆಟ್ ಹರಿದು, ಕಲಾವಿದರಿಗೆ ಊಟ ವಸತಿ ನೋಡಿಕೊಂಡು, ಕೊನೆಗೆ ಲೆಕ್ಕ ಒಪ್ಪಿಸುವ ಆ ಬ್ಯಾಂಕ್ ನೌಕರರು, ಮೇಷ್ಟ್ರುಗಳು, ಔಷಧಿ ಅಂಗಡಿಯವರು ನಿಮ್ಮ ಊರಿನಲ್ಲೂ ಇರುತ್ತಾರೆ. ಅಂಥ ಇಬ್ಬರು ನಿಮ್ಮ ಸಮಿತಿಯಲ್ಲಿದ್ದರೆ ಉಳಿದವರು ಕವಿಗಳಾಗಿದ್ದರೂ ನಡೆಯುತ್ತದೆ.

ಶಾಲೆ ಕಾಲೇಜುಗಳನ್ನು ಮರೆಯಬೇಡಿ. ಗ್ರಂಥಾಲಯಕ್ಕೆ ಪುಸ್ತಕ ಕೊಳ್ಳುವ ಹಣ ಮಾರ್ಚ್ ಹೊತ್ತಿಗೆ ಖರ್ಚಾಗಬೇಕಿರುವ ಸಂಸ್ಥೆಗಳು ಎಲ್ಲ ಊರಿನಲ್ಲೂ ಇವೆ. ಗ್ರಂಥಪಾಲಕರನ್ನು ಜನವರಿಯಲ್ಲೇ ಕಂಡು ಅಂಗಡಿಯ ಪಟ್ಟಿಯನ್ನು ಕೊಟ್ಟರೆ ಒಂದು ಆದೇಶದಲ್ಲಿ ಒಂದು ತಿಂಗಳ ವ್ಯಾಪಾರ ನಡೆದುಹೋಗಬಹುದು.

ಹಣ: ಚಂದಾ, ದೇಣಿಗೆ, ಸಾಲ

ಧಾರವಾಡದ ಮನೋಹರ ಗ್ರಂಥಮಾಲೆಯನ್ನು ಜಿ.ಬಿ. ಜೋಶಿಯವರು 1933ರಲ್ಲಿ ಕಟ್ಟಿದ್ದು ಚಂದಾದಾರರ ಮೇಲೆ. ಓದುಗರು ಮೊದಲೇ ಹಣ ಕೊಡುತ್ತಿದ್ದರು, ಪುಸ್ತಕಗಳು ಅಚ್ಚಾದಂತೆ ಅವರ ಮನೆಗೆ ಹೋಗುತ್ತಿದ್ದವು. ಗಿರೀಶ ಕಾರ್ನಾಡರ ಮೊದಲ ನಾಟಕ ಹೊರಬಂದದ್ದು ಅಲ್ಲಿಂದಲೇ, ಮತ್ತು ಅದರ ಕಚೇರಿಯಾದ ‘ಅಟ್ಟ’ ಸಾಹಿತಿಗಳ ಹರಟೆಯ ತಾಣವೂ ಆಗಿತ್ತು. ಪುಸ್ತಕ ಮತ್ತು ಕೂಟ ಎರಡೂ ಒಂದೇ ಸೂರಿನಡಿ ಬಾಳುವುದಕ್ಕೆ ನಮ್ಮಲ್ಲೇ ಇದ್ದ ಈ ಮಾದರಿಯನ್ನು ಬಿಟ್ಟು ನಾವು ಈಗ ದೇಣಿಗೆಯ ಮನವಿಗಳಿಗೆ ಜೋತುಬೀಳುತ್ತೇವೆ ಎಂಬುದು ನನಗೆ ಸೋಜಿಗವಾಗಿ ಕಾಣುತ್ತದೆ.

ಚಂದಾ ಯೋಜನೆ ಸರಳ: ವರ್ಷಕ್ಕೆ 3,000 ರೂಪಾಯಿ ಮುಂಗಡ ಕೊಟ್ಟವರು ಹನ್ನೆರಡು ತಿಂಗಳೊಳಗೆ ಅಷ್ಟು ಮುಖಬೆಲೆಯ ಪುಸ್ತಕಗಳನ್ನು ತಮಗೆ ಬೇಕಾದಾಗ ಒಯ್ಯುತ್ತಾರೆ. ಇನ್ನೂರು ಜನ ಸೇರಿದರೆ ಆರು ಲಕ್ಷ ಕೈಗೆ ಬರುತ್ತದೆ. ಇಲ್ಲಿ ಬಹಳ ಎಚ್ಚರ ಬೇಕು, ಏಕೆಂದರೆ ಈ ಆರು ಲಕ್ಷ ಆದಾಯವಲ್ಲ, ಅಂಗಡಿಯ ಮೇಲಿನ ಋಣ. ಪುಸ್ತಕಗಳನ್ನು ತರಿಸಲು ಶೇ 70ರಂತೆ 4,20,000 ಬೇಕು. ಅದನ್ನು ಬೇರೆ ಖಾತೆಯಲ್ಲಿ ಇಡಬೇಕು. ಬಾಡಿಗೆ ಸಂಬಳಗಳಿಗೆ ಬಳಸಬಹುದಾದದ್ದು ಉಳಿದ 1,80,000, ಅಂದರೆ ತಿಂಗಳಿಗೆ 15,000 ಮಾತ್ರ. ಚಂದಾದಾರರಲ್ಲಿ ಹಲವರು ಹೇಗೂ ಅಲ್ಲೇ ಕೊಳ್ಳುತ್ತಿದ್ದವರಾದ್ದರಿಂದ ನಿಜವಾದ ಹೆಚ್ಚಳ ಇನ್ನೂ ಕಡಿಮೆ ಇರುತ್ತದೆ. ಮೊದಲ ತಿಂಗಳಲ್ಲೇ ಆರು ಲಕ್ಷವನ್ನೂ ಹಳೆಯ ಬಾಕಿಗೆ ಸುರಿದ ಅಂಗಡಿ ಡಿಸೆಂಬರಿನಲ್ಲಿ ಚಂದಾದಾರರಿಗೆ ಮುಖ ತೋರಿಸಲಾಗದೆ ಮತ್ತೆ ಬಾಗಿಲು ಹಾಕುತ್ತದೆ.

ದೇಣಿಗೆಯ ವಿಚಾರದಲ್ಲಿ ಮೂರು ಕಾನೂನಿನ ಮಾತುಗಳನ್ನು ತಿಳಿದಿರಬೇಕು. ಒಂದು, ಅಂಗಡಿ ವ್ಯಾಪಾರಸಂಸ್ಥೆಯೇ ಹೊರತು ಧರ್ಮಸಂಸ್ಥೆಯಲ್ಲ. ಅದಕ್ಕೆ ಹಣ ಕೊಟ್ಟವರಿಗೆ ಆದಾಯ ತೆರಿಗೆಯಲ್ಲಿ ದೇಣಿಗೆಯ ವಿನಾಯಿತಿ ಸಿಗುವುದಿಲ್ಲ, ಸಿಗುತ್ತದೆಂದು ಯಾರೂ ಹೇಳಬಾರದು. ಮಾಲೀಕರ ಸ್ವಂತ ಖಾತೆಗೆ ಬಂಧುಗಳಲ್ಲದವರಿಂದ ವರ್ಷದಲ್ಲಿ ಒಟ್ಟು 50,000 ರೂಪಾಯಿಗಿಂತ ಹೆಚ್ಚು ಉಡುಗೊರೆ ಬಂದರೆ ಪೂರ್ತಿ ಮೊತ್ತಕ್ಕೆ ಅವರು ಆದಾಯ ತೆರಿಗೆ ಕಟ್ಟಬೇಕಾಗುತ್ತದೆ. ಎರಡು, ಬಡ್ಡಿಯ ಆಸೆ ತೋರಿಸಿ ಸಾರ್ವಜನಿಕರಿಂದ ಠೇವಣಿ ಎತ್ತುವುದನ್ನು 2019ರ ಅನಿಯಂತ್ರಿತ ಠೇವಣಿ ಯೋಜನೆಗಳ ನಿಷೇಧ ಕಾಯ್ದೆ ಅಪರಾಧವೆಂದು ಪರಿಗಣಿಸುತ್ತದೆ. ‘ಅಂಗಡಿಗೆ ಸಾಲ ಕೊಡಿ, ಶೇ 8 ಬಡ್ಡಿ ಕೊಡುತ್ತೇವೆ’ ಎಂಬ ಕರಪತ್ರ ಒಳ್ಳೆಯ ಉದ್ದೇಶದ್ದಾದರೂ ಅಪಾಯಕಾರಿ. ಮೂರನೆಯದು ಹೊರದೇಶದ ಕನ್ನಡಿಗರಿಗೆ ಸಂಬಂಧಿಸಿದ್ದು. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸುವ ಹಣಕ್ಕೆ ತೊಡಕಿಲ್ಲ, ಆದರೆ ಅಮೆರಿಕದ ಪೌರತ್ವ ಪಡೆದವರ ದೇಣಿಗೆ ವಿದೇಶಿ ವಂತಿಗೆ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಅಂಥವರಿಗೆ ‘ದೇಣಿಗೆ ಬೇಡ, ಪುಸ್ತಕ ಕೊಳ್ಳಿ, ನಿಮ್ಮ ಊರಿನ ಶಾಲೆಗೆ ನಿಮ್ಮ ಹೆಸರಿನಲ್ಲಿ ತಲುಪಿಸುತ್ತೇವೆ’ ಎನ್ನುವುದು ಚೆಂದವೂ ಹೌದು, ನೆಟ್ಟಗಿನ ವ್ಯಾಪಾರವೂ ಹೌದು.

ದೇಣಿಗೆ ಪಡೆಯಲೇಬೇಕೆಂದಿದ್ದರೆ ಪುಸ್ತಕ ಮಾರಾಟವನ್ನು ಮಾಲೀಕರಿಗೆ ಬಿಟ್ಟು, ಕಾರ್ಯಕ್ರಮದ ಜಾಗವನ್ನು ಮಾತ್ರ ಒಂದು ಟ್ರಸ್ಟ್ ಅಥವಾ ಸಂಘಕ್ಕೆ ವಹಿಸಬಹುದು. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಜನ ಸೇರಿ ಸಂಘ ನೋಂದಾಯಿಸಬಹುದು. ಸಂಘ ಮಹಡಿಯ ಬಾಡಿಗೆ ಹೊರುತ್ತದೆ, ತನಗೂ ದೇಣಿಗೆ ಕೊಟ್ಟವರಿಗೂ ಆದಾಯ ತೆರಿಗೆ ವಿನಾಯಿತಿ ಸಿಗುವ ನೋಂದಣಿ ಪಡೆಯುತ್ತದೆ, ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಸಹಾಯಧನಕ್ಕೂ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ನಿಧಿಗೂ ಅರ್ಜಿ ಹಾಕುತ್ತದೆ. ಇದು ಆರು ತಿಂಗಳ ಕೆಲಸ, ಮುಂದಿನ ತಿಂಗಳ ಬಾಡಿಗೆಗೆ ಇದನ್ನು ನೆಚ್ಚಿಕೊಳ್ಳಬಾರದು.

ಪ್ರಕಾಶಕರ ಬಾಕಿಯನ್ನು ತೀರಿಸಲು ಹಣವೊಂದೇ ದಾರಿಯಲ್ಲ. ಎರಡು ವರ್ಷದಿಂದ ಅಲುಗದೆ ಕಪಾಟಿನಲ್ಲಿ ಕುಳಿತ ಪ್ರತಿಗಳನ್ನು, ಹಾಳಾಗಿಲ್ಲದಿದ್ದರೆ, ವಾಪಸು ಪಡೆದು ಬಾಕಿಯಲ್ಲಿ ಕಳೆದುಕೊಳ್ಳುವಿರಾ ಎಂದು ಪ್ರಕಾಶಕರನ್ನು ಒಬ್ಬೊಬ್ಬರಾಗಿ ಕೇಳಿ. ಹಲವರು ಒಪ್ಪುತ್ತಾರೆ, ಅಂಗಡಿ ಮುಚ್ಚಿದರೆ ಅವರಿಗೆ ಬರುವುದು ಅದಕ್ಕಿಂತ ಕಡಿಮೆ.

ಮಹಡಿಯ ಜಾಗ

ಕನ್ನಡದ ಪುಸ್ತಕ ಬಿಡುಗಡೆಯ ಶಾಸ್ತ್ರ ಎಲ್ಲರಿಗೂ ಗೊತ್ತು: ಹತ್ತೂವರೆಗೆ ಉಪ್ಪಿಟ್ಟು ಕೇಸರಿಭಾತು, ಹನ್ನೊಂದಕ್ಕೆ ಆರಂಭ, ನಾಲ್ವರು ಅತಿಥಿಗಳು, ಒಂದೂವರೆಗೆ ವಂದನಾರ್ಪಣೆ. ನೂರು ಜನ ಬರುತ್ತಾರೆ, ಇಪ್ಪತ್ತು ಪುಸ್ತಕ ಖರ್ಚಾಗುತ್ತದೆ, ಫ್ಯಾನು ದೀಪಗಳ ವೆಚ್ಚ ಅಂಗಡಿಗೆ. ಸಭಾಂಗಣವನ್ನು ಪುಕ್ಕಟೆ ಕೊಡುವುದನ್ನು ಮೊದಲು ನಿಲ್ಲಿಸಿ. ಪ್ರಕಾಶಕರೋ ಲೇಖಕರೋ ಒಂದು ಸಾಧಾರಣ ಬಾಡಿಗೆ ಕೊಡಲಿ, ಅಥವಾ ಅಷ್ಟು ಮೊತ್ತದ ಪುಸ್ತಕಗಳನ್ನು ಅಂಗಡಿಯಿಂದಲೇ ಕೊಂಡು ಅತಿಥಿಗಳಿಗೆ ಹಾರದ ಬದಲು ಕೊಡಲಿ. ಮಾರಾಟದ ಮೇಜು ವೇದಿಕೆಯ ಪಕ್ಕದಲ್ಲಿರಬಾರದು. ಹೊರಗೆ ಹೋಗುವ ಬಾಗಿಲಿನ ಬಳಿ, ಚಪ್ಪಲಿ ಬಿಡುವ ಜಾಗಕ್ಕೆ ಎದುರಾಗಿ, ಚಿಲ್ಲರೆ ಮತ್ತು ಯುಪಿಐ ಫಲಕದೊಂದಿಗೆ ಒಬ್ಬರು ಕುಳಿತಿರಬೇಕು. ಈ ಒಂದು ಬದಲಾವಣೆಯಿಂದ ಮಾರಾಟ ಹೆಚ್ಚುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನಾಟಕ, ಸಂಗೀತ, ನೃತ್ಯಗಳಿಗೆ ಟಿಕೆಟ್ ಇಡಲು ಹಿಂಜರಿಯಬೇಡಿ. ತಲಾ 500 ರೂಪಾಯಿಯವರೆಗಿನ ಪ್ರವೇಶ ದರಕ್ಕೆ ಜಿಎಸ್‌ಟಿ ಇಲ್ಲ. ಐವತ್ತು ಕುರ್ಚಿಯ ಜಾಗದಲ್ಲಿ 150 ರೂಪಾಯಿಯ ಟಿಕೆಟ್‌ಗೆ ನಲವತ್ತು ಜನ ಬಂದರೆ 6,000. ಮೂರನೆಯ ಎರಡು ಭಾಗ ರಂಗತಂಡಕ್ಕೆ, ಉಳಿದ 2,000 ಜಾಗಕ್ಕೆ ಎಂದು ಮೊದಲೇ ಬರೆದುಕೊಂಡರೆ ಜಗಳ ಬರುವುದಿಲ್ಲ. ಹೇಳಿದ ಹೊತ್ತಿಗೆ ಆರಂಭಿಸುವುದು ಇನ್ನೊಂದು ಬಂಡವಾಳ. 2004ರಲ್ಲಿ ತೆರೆದ ಬೆಂಗಳೂರಿನ ರಂಗಶಂಕರ ತಡವಾಗಿ ಬಂದವರನ್ನು ಒಳಗೆ ಬಿಡದೆ ಪ್ರೇಕ್ಷಕರಿಗೆ ಆ ಶಿಸ್ತನ್ನು ಕಲಿಸಿತು, ಜನ ಬೈದುಕೊಂಡೇ ಕಲಿತರು. ರಾತ್ರಿ ಹತ್ತರ ನಂತರ ಧ್ವನಿವರ್ಧಕ ಬಳಸುವಂತಿಲ್ಲ ಎಂಬ ನಿಯಮವನ್ನು ಪಾಲಿಸಿ, ಕೆಳಮನೆಯವರಿಗೆ ಪ್ರತಿ ಪ್ರದರ್ಶನಕ್ಕೂ ಎರಡು ಟಿಕೆಟ್ ಉಚಿತವಾಗಿ ಕೊಡಿ. ದೂರು ಕೊಡಬಹುದಾಗಿದ್ದವರು ಆಗ ಮೊದಲ ಸಾಲಿನಲ್ಲಿ ಕುಳಿತಿರುತ್ತಾರೆ.

ಜಾಗ ಬದಲಿಸಬೇಕಾಗಿ ಬಂದರೆ

ಕಟ್ಟಡ ಕೈತಪ್ಪಿದ ಮಾತ್ರಕ್ಕೆ ಅಂಗಡಿ ಕೈತಪ್ಪಬೇಕಾಗಿಲ್ಲ. ಇಂಗ್ಲೆಂಡಿನ ಸೌತಾಂಪ್ಟನ್ ನಗರದ ಅಕ್ಟೋಬರ್ ಬುಕ್ಸ್ ಎಂಬ ಸಹಕಾರಿ ಪುಸ್ತಕದಂಗಡಿ ಬಾಡಿಗೆ ಏರಿದಾಗ ಬೆಂಬಲಿಗರಿಂದ ಸಾಲ, ದೇಣಿಗೆಗಳ ರೂಪದಲ್ಲಿ ಸುಮಾರು ಐದು ಲಕ್ಷ ಪೌಂಡ್ ಕೂಡಿಸಿ ಅದೇ ರಸ್ತೆಯಲ್ಲಿದ್ದ ಹಳೆಯ ಬ್ಯಾಂಕ್ ಕಟ್ಟಡವನ್ನು ಕೊಂಡಿತು. 2018ರ ಅಕ್ಟೋಬರಿನ ಒಂದು ಭಾನುವಾರ ಇನ್ನೂರಕ್ಕೂ ಹೆಚ್ಚು ಜನ ಪಾದಚಾರಿ ಮಾರ್ಗದುದ್ದಕ್ಕೂ ಸಾಲಾಗಿ ನಿಂತು ಸುಮಾರು ಎರಡು ಸಾವಿರ ಪುಸ್ತಕಗಳನ್ನು ಕೈಯಿಂದ ಕೈಗೆ ದಾಟಿಸಿದರು. ಅಮೆರಿಕದ ಮಿಷಿಗನ್ ರಾಜ್ಯದ ಚೆಲ್ಸಿ ಎಂಬ ಸಣ್ಣ ಊರಿನಲ್ಲಿ 2025ರ ಏಪ್ರಿಲ್‌ನಲ್ಲಿ ಸುಮಾರು ಮುನ್ನೂರು ಜನ ಎರಡು ಗಂಟೆಯೊಳಗೆ 9,100 ಪುಸ್ತಕಗಳನ್ನು ಹೀಗೆಯೇ ಹೊಸ ಅಂಗಡಿಗೆ ಸಾಗಿಸಿದರು.

ಚಿತ್ರ ನೋಡಲು ಹಬ್ಬದಂತಿರುತ್ತದೆ, ಆದರೆ ಅದರ ಹಿಂದೆ ಗೃಹಸ್ಥ ಬುದ್ಧಿಯ ಸಿದ್ಧತೆ ಬೇಕು. ಪ್ರತಿ ಕಪಾಟಿಗೂ ಪ್ರತಿ ಅಂಕಣಕ್ಕೂ ಸಂಖ್ಯೆ ಬರೆದ ಚೀಟಿ ಅಂಟಿಸಿ, ಹೊಸ ಜಾಗದ ಕಪಾಟುಗಳಿಗೂ ಅದೇ ಸಂಖ್ಯೆಗಳನ್ನು ಮೊದಲೇ ಅಂಟಿಸಿಟ್ಟರೆ ಸಾಲಿನ ಕೊನೆಯಲ್ಲಿ ಬಂದ ಪುಸ್ತಕ ನೇರವಾಗಿ ತನ್ನ ಜಾಗಕ್ಕೆ ಹೋಗುತ್ತದೆ. ಸಾಲಿನ ಎರಡೂ ತುದಿಗಳಲ್ಲಿ ಅಂಗಡಿಯ ಸಿಬ್ಬಂದಿಯೇ ನಿಂತಿರಬೇಕು. ಬಿಸಿಲೇರುವ ಮುನ್ನ ಆರಂಭಿಸಿ, ಮಳೆಗಾಲದಲ್ಲಿ ಬೇಡ. ಸಂಚಾರ ಪೊಲೀಸರಿಗೆ ಮೊದಲೇ ಒಂದು ಪತ್ರ ಕೊಡಿ. ದಾರಿಯಲ್ಲಿ ಯಾರಾದರೂ ಪುಸ್ತಕ ತೆರೆದು ಓದಲು ನಿಂತರೆ ಇಡೀ ಸಾಲು ನಿಂತುಬಿಡುತ್ತದೆ, ಅದಕ್ಕೆ ಔಷಧಿ ಇಲ್ಲ.

ಉಳಿಯದಿದ್ದರೆ

ಎಲ್ಲ ಮಾಡಿಯೂ ಅಂಗಡಿ ಉಳಿಯದಿರಬಹುದು. ಮೂರು ತಿಂಗಳ ಕೊನೆಯಲ್ಲಿ ಲೆಕ್ಕದ ಹಾಳೆಯನ್ನು ಮತ್ತೆ ತೆರೆದು, ಕೊರತೆ ಅರ್ಧಕ್ಕಾದರೂ ಇಳಿದಿಲ್ಲವೆಂದಾದರೆ ಮುಚ್ಚುವ ಮಾತನ್ನು ಸಮಿತಿಯೇ ಎತ್ತಬೇಕು. ಮಾಲೀಕರು ತಮ್ಮ ಮನೆಯ ಒಡವೆ ಅಡವಿಡುವ ತನಕ ಕಾಯಬಾರದು. ಆಗ ಮೊದಲ ಪಾಲು ಸಹಾಯಕರ ಬಾಕಿ ಸಂಬಳಕ್ಕೆ, ಎರಡನೆಯದು ಚಂದಾದಾರರ ಪುಸ್ತಕಗಳಿಗೆ, ಮೂರನೆಯದು ಸಣ್ಣ ಪ್ರಕಾಶಕರಿಗೆ ಸಲ್ಲಲಿ. ಮಾರಾಟಕ್ಕೆ ಇಟ್ಟ ಪುಸ್ತಕಗಳ ನಡುವೆ ಮಾರಾಟಕ್ಕಲ್ಲದ ಕಾಗದಗಳು ಇರುತ್ತವೆ: ಇಪ್ಪತ್ತು ವರ್ಷಗಳ ಆಹ್ವಾನಪತ್ರಿಕೆಗಳು, ಕೈಯಲ್ಲಿ ಬರೆದ ನಾಟಕದ ಪೋಸ್ಟರುಗಳು, ಸಂದರ್ಶಕರ ಪುಸ್ತಕ, ಧ್ವನಿಮುದ್ರಿಕೆಗಳು. ಅವುಗಳನ್ನು ಒಂದು ಪೆಟ್ಟಿಗೆಗೆ ತುಂಬಿ, ಪಟ್ಟಿ ಬರೆದು, ಒಂದೊಂದನ್ನೂ ಫೋಟೊ ತೆಗೆದು, ಹತ್ತಿರದ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೋ ಒಂದು ರಂಗಸಂಸ್ಥೆಗೋ ರಸೀತಿ ಪಡೆದು ಒಪ್ಪಿಸಿ. ಬೀಗದ ಕೈ ಕೊಡುವ ಹಿಂದಿನ ದಿನ ಈ ಕೆಲಸಕ್ಕೆ ಹೊರಟರೆ ಆಗುವುದಿಲ್ಲ. ಆ ಹೊತ್ತಿಗೆ ಹಳೆ ಪೇಪರ್ ಕೊಳ್ಳುವವನ ಗಾಡಿ ಬಾಗಿಲಲ್ಲಿ ನಿಂತಿರುತ್ತದೆ, ಕಪಾಟಿನ ಮೇಲಿನ ಪೆಟ್ಟಿಗೆಗಳು ಮೊದಲು ಅದಕ್ಕೇ ಹೋಗುತ್ತವೆ.